ಎಷ್ಟು ಅಳಿಸಬೇಕು ಅಂತ ಶೆಲ್‌ಗೆ ಹೇಳಿಕೊಡು

ಟರ್ಮಿನಲ್‌ನಲ್ಲಿ ಕೆಲಸ ಮಾಡುವವರು ಬರೆದಷ್ಟೇ ಅಳಿಸುತ್ತಾರೆ ಕಣಮ್ಮಾ. ಮೇಲಿನ ಬಾಣದ ಕೀಲಿ ಒತ್ತಿ ಹಿಂದಿನ ಕಮಾಂಡ್ ಕರೆಯೋದು, ಅದರ ಬಾಲ ಕತ್ತರಿಸಿ ಬೇರೆ ಹೆಸರು ಹಾಕೋದು, ಎಂಟರ್ ಒತ್ತೋದು. ಮುಕ್ಕಾಲು ದಿನ ಇದರಲ್ಲೇ ಹೋಗುತ್ತೆ. ನೀನು ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದು, ನಾಲ್ಕಕ್ಷರ ಹೆಚ್ಚಿಗೆ ಹೋಯಿತು ಅಂತ ಮತ್ತೆ ಟೈಪ್ ಮಾಡುವುದನ್ನು ನೋಡಿದ್ದೇನೆ. ಗಿಟ್ಟು, ಡಾಕರ್ರು ಕಲಿಸೋಕೆ ನಿಮ್ಮ ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಥ ಚಿಲ್ಲರೆ ವಿಷಯವನ್ನು ಯಾರೂ ಹೇಳಿಕೊಡಲ್ಲ, ಅದಕ್ಕೆ ನಾನು ಹೇಳ್ತಿದ್ದೀನಿ.

ಒಂದೇ ಏಟಿಗೆ ಒಂದು ಪದ ಅಳಿಸೋ ಕೀಲಿ ಕಂಟ್ರೋಲ್-ಡಬ್ಲ್ಯೂ. ಅಷ್ಟು ನಿನಗೂ ಗೊತ್ತು. ಆದರೆ ಪದ ಎಲ್ಲಿಂದ ಶುರು ಅಂತ ತೀರ್ಮಾನ ಮಾಡೋರು ಯಾರು? ಮನುಷ್ಯರ ಮಾತಿನಲ್ಲಾದರೆ ಖಾಲಿ ಜಾಗ ನೋಡಿ ಹೇಳಬಹುದು. ಶೆಲ್ಲಿನ ಸಾಲಿನಲ್ಲಿ ಖಾಲಿ ಜಾಗಕ್ಕಿಂತ ಸ್ಲ್ಯಾಶ್, ಹೈಫನ್, ಡಾಟ್, ಅಂಡರ್‌ಸ್ಕೋರ್‌ಗಳದ್ದೇ ಕಾರುಬಾರು. ಈ ಸಾಲು ನೋಡು. ತೆರೆಯ ಮೇಲೆ ಇಂಗ್ಲಿಷ್ ಅಕ್ಷರ ಇರುತ್ತೆ, ಓದೋಕೆ ಸಲೀಸಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ:

ಸಿಪಿ ~/ಲೆಕ್ಕ/2024-ಜೂನ್/ಕರೆಂಟ್_ಬಿಲ್.ಪಿಡಿಎಫ್

ಕರ್ಸರ್ ಕೊನೆಯಲ್ಲಿದೆ. ಬ್ಯಾಶ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಹಿಂದಿನ ಖಾಲಿ ಜಾಗದವರೆಗೆ ಅಷ್ಟೂ ಹೋಗಿ ಬರೀ ಸಿಪಿ ಉಳಿಯುತ್ತೆ. ಅದೇ ಬ್ಯಾಶ್‌ನಲ್ಲಿ ಆಲ್ಟ್-ಬ್ಯಾಕ್‌ಸ್ಪೇಸ್ ಒತ್ತಿ ನೋಡು. ಅದಕ್ಕೆ ಪದ ಅಂದರೆ ಅಕ್ಷರ ಮತ್ತು ಅಂಕಿ, ಅಷ್ಟೇ. ಮೊದಲ ಸಲ ಪಿಡಿಎಫ್ ಮಾತ್ರ ಹೋಗುತ್ತೆ, ಎರಡನೇ ಸಲ ಡಾಟ್ ಮತ್ತು ಬಿಲ್, ಮೂರನೇ ಸಲ ಅಂಡರ್‌ಸ್ಕೋರ್ ಮತ್ತು ಕರೆಂಟ್. ಇನ್ನು ಲಿನಕ್ಸ್ ಯಂತ್ರದಲ್ಲಿ ಕ್ಯಾಟ್ ಅಂತ ಮಾತ್ರ ಬರೆದು ಎಂಟರ್ ಒತ್ತು. ಈಗ ಶೆಲ್ ಪಕ್ಕಕ್ಕೆ ಸರಿದಿರುತ್ತೆ, ನೀನು ಬರೆಯೋದನ್ನು ಹಿಡಿದಿಟ್ಟುಕೊಳ್ಳೋದು ಲಿನಕ್ಸ್ ಕರ್ನಲ್‌ನ ಟರ್ಮಿನಲ್ ಭಾಗ. ಅಲ್ಲಿ ಅದೇ ದಾರಿ ಬರೆದು ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಮೊದಲು ಪಿಡಿಎಫ್, ಆಮೇಲೆ ಕರೆಂಟ್_ಬಿಲ್ ಪೂರ್ತಿ. ಕರ್ನಲ್‌ಗೆ ಅಂಡರ್‌ಸ್ಕೋರ್ ಕೂಡ ಅಕ್ಷರದ ಜಾತಿಯೇ. ಹೀಗೆ ಒಂದೇ ಯಂತ್ರದಲ್ಲಿ, ಒಂದೇ ಸಾಲಿಗೆ, ಮೂರು ಬಗೆಯ ಲೆಕ್ಕ.

ಇದೆಲ್ಲ ಯಾರೋ ಒಬ್ಬರು ಕೂತು ಯೋಚಿಸಿ ಮಾಡಿದ್ದಲ್ಲ. ಯೂನಿಕ್ಸ್‌ನ ಮೊದಲ ದಿನಗಳಲ್ಲಿ ಒಂದು ಅಕ್ಷರ ಅಳಿಸೋಕೆ # ಒತ್ತಬೇಕಿತ್ತು, ಇಡೀ ಸಾಲು ಬೇಡ ಅನ್ನೋಕೆ @. ಆಗ ಕಾಗದದ ಮೇಲೆ ಅಚ್ಚು ಹೊಡೆಯುವ ಟೆಲಿಟೈಪ್, ಬಿದ್ದ ಅಕ್ಷರವನ್ನು ವಾಪಸ್ ತೆಗೆಯೋದು ಹೇಗೆ? ಪದ ಅಳಿಸೋ ಕೀಲಿ ಬರ್ಕ್ಲಿಯ ಯೂನಿಕ್ಸ್ ಜೊತೆ ಬಂತು. ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ 1989ರಲ್ಲಿ ಹೊರಬಂದಾಗ ಆ ಹಳೇ ಅಭ್ಯಾಸವನ್ನು ಒಂದು ಕೀಲಿಯಲ್ಲೂ ಈಮ್ಯಾಕ್ಸ್‌ನ ಅಭ್ಯಾಸವನ್ನು ಇನ್ನೊಂದರಲ್ಲೂ ಉಳಿಸಿಕೊಂಡಿತು. ಮರುವರ್ಷ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಪಾಲ್ ಫಾಲ್‌ಸ್ಟಡ್ ಜೆಡ್‌ಶೆಲ್ ಬರೆದ. ಅಲ್ಲಿ ಪಾಠಕ್ಕೆ ಸಹಾಯಕರಾಗಿದ್ದ ಜಾಂಗ್ ಶಾವ್ ಅವರ ಲಾಗಿನ್ ಹೆಸರನ್ನೇ ಅದಕ್ಕೆ ಇಟ್ಟ. 2019ರಲ್ಲಿ ಆಪಲ್ ತನ್ನ ಕ್ಯಾಟಲೀನಾದಲ್ಲಿ ಇದನ್ನೇ ಮೂಲ ಶೆಲ್ ಮಾಡಿದ್ದರಿಂದ ನಿನ್ನ ಆಫೀಸಿನ ಮ್ಯಾಕ್‌ನಲ್ಲಿರೋದೂ ಇದೇ. ಹಾಗಾಗಿ ಹೆಚ್ಚಿನ ಮಾತು ಇದರ ಬಗ್ಗೆಯೇ.

ಜೆಡ್‌ಶೆಲ್‌ನಲ್ಲಿ ಪದದ ಗಡಿ ಗುಟ್ಟಾಗಿಲ್ಲ, ತೆರೆದಿಟ್ಟಿದ್ದಾರೆ. ವರ್ಡ್‌ಚಾರ್ಸ್ ಅಂತ ಒಂದು ವೇರಿಯಬಲ್ ಇದೆ, ದೊಡ್ಡಕ್ಷರದಲ್ಲಿ. ಅಕ್ಷರ, ಅಂಕಿ ಹೇಗೂ ಪದದೊಳಗೆ ಸೇರುತ್ತವೆ. ಅವುಗಳ ಜೊತೆ ಇನ್ಯಾವ ಚಿಹ್ನೆಗಳನ್ನು ಪದದ ಭಾಗ ಅಂತ ಎಣಿಸಬೇಕು ಅನ್ನೋ ಪಟ್ಟಿ ಅದರಲ್ಲಿರುತ್ತೆ. ಯಾರೂ ಮುಟ್ಟದಿದ್ದರೆ ಅದು ಹೀಗಿರುತ್ತೆ:

*?_-.[]~=/&;!#$%^(){}<>

ಇದನ್ನು ಒಂದು ನಿಮಿಷ ದಿಟ್ಟಿಸಿ ನೋಡು. ಸ್ಲ್ಯಾಶ್ ಇದೆ, ಡಾಟ್ ಇದೆ, ಹೈಫನ್ ಇದೆ. ಆದ್ದರಿಂದ ನಮ್ಮ ಕರೆಂಟ್ ಬಿಲ್ಲಿನ ದಾರಿ ಒಂದೇ ಏಟಿಗೆ ಪೂರ್ತಿ ಹೋಗುತ್ತೆ. ಇಲ್ಲದಿರೋದು ಯಾವುದು? ಕೋಲನ್, ಕಾಮಾ, @, +, |, ಕೋಟ್ ಗುರುತುಗಳು. ಬೇರೆ ಯಂತ್ರಕ್ಕೆ ಫೈಲ್ ಕಳಿಸುವಾಗ ಹೆಸರು@ಯಂತ್ರ:/ದಾರಿ ಅಂತ ಬರೆಯುತ್ತೀಯಲ್ಲ, ಅಲ್ಲಿ ಕಂಟ್ರೋಲ್-ಡಬ್ಲ್ಯೂ ಕೋಲನ್ ಹತ್ತಿರ ನಿಂತು ದಾರಿಯನ್ನಷ್ಟೇ ತೆಗೆಯುತ್ತೆ. ಯಂತ್ರದ ಹೆಸರು ಉಳಿಯುತ್ತೆ. ಅದೃಷ್ಟಕ್ಕೆ ಬೇಕಾದದ್ದೇ ಆಯಿತು. ಆದರೆ & ಮತ್ತು ; ಪದದೊಳಗೆ ಯಾಕಿವೆ ಅಂತ ನನಗಂತೂ ಸಮಾಧಾನವಿಲ್ಲ. ಎರಡು ಕಮಾಂಡ್‌ಗಳ ನಡುವೆ ಖಾಲಿ ಜಾಗ ಬಿಡದೆ ಬರೀ ; ಹಾಕಿದ್ದರೆ ಎರಡೂ ಒಟ್ಟಿಗೆ ಮಾಯ.

ಈಗ ಎಲ್ಲರೂ ಕೊಡೋ ಸಲಹೆಗೆ ಬರ್ತೀನಿ. ಯಾರನ್ನು ಕೇಳಿದರೂ ‘ಪಟ್ಟಿಯಿಂದ ಸ್ಲ್ಯಾಶ್ ತೆಗೆದುಬಿಡು’ ಅನ್ನುತ್ತಾರೆ. ಡಾಟ್-ಜೆಡ್‌ಎಸ್‌ಎಚ್‌ಆರ್‌ಸಿ ಫೈಲಿನಲ್ಲಿ ಒಂದು ಸಾಲು ಬರೆದರೆ ಮುಗೀತು: ವರ್ಡ್‌ಚಾರ್ಸ್, ಸಮ ಚಿಹ್ನೆ, ಒಂಟಿ ಕೋಟ್‌ನೊಳಗೆ ಸ್ಲ್ಯಾಶ್ ಬಿಟ್ಟು ಉಳಿದ ಚಿಹ್ನೆಗಳು. (ಒಂಟಿ ಕೋಟ್ ಮರೀಬೇಡ. ಅದಿಲ್ಲದಿದ್ದರೆ ಒಳಗಿನ & ಮತ್ತು ; ಕಮಾಂಡಿನ ಭಾಗ ಅಂತ ಶೆಲ್ ತಿಳಿದುಕೊಳ್ಳುತ್ತೆ.) ಆಮೇಲೆ ಕಂಟ್ರೋಲ್-ಡಬ್ಲ್ಯೂ ಒಂದು ಸಲಕ್ಕೆ ಒಂದೊಂದೇ ಹಂತ ಹಿಂದೆ ಹೋಗುತ್ತೆ. ಮೊದಲು ಕರೆಂಟ್_ಬಿಲ್.ಪಿಡಿಎಫ್, ಆಮೇಲೆ 2024-ಜೂನ್. ನಿಜಕ್ಕೂ ಹಾಯೆನಿಸುತ್ತೆ.

ಆದರೂ ನಾನು ಅದನ್ನು ಹಾಗೇ ಮಾಡು ಅನ್ನಲ್ಲ. ಕಾರಣ ಕೇಳು. ಅಳಿಸೋ ಕಮಾಂಡ್ ಬರೆದಿದ್ದೀಯ ಅಂತಿಟ್ಟುಕೋ:

ಆರ್‌ಎಂ -ಆರ್ ~/ಲೆಕ್ಕ/2024-ಜೂನ್/ಹಳೇದು

ಬೇಡ, ಬೇರೆ ಹೆಸರು ಹಾಕಬೇಕು ಅಂತ ಕಂಟ್ರೋಲ್-ಡಬ್ಲ್ಯೂ ಒತ್ತುತ್ತೀಯ. ಅಷ್ಟರಲ್ಲಿ ಪಕ್ಕದವರು ಏನೋ ಕೇಳುತ್ತಾರೆ, ಉತ್ತರ ಹೇಳಿ ಈ ಕಡೆ ತಿರುಗಿ ಎಂಟರ್ ಒತ್ತುತ್ತೀಯ. ಇಡೀ ದಾರಿ ಅಳಿಸೋ ಶೆಲ್ ಆಗಿದ್ದರೆ ಆರ್‌ಎಂ ಮುಂದೆ ಏನೂ ಇರಲ್ಲ, ಏನಿಲ್ಲ ಅಂತ ಗೊಣಗಿ ಸುಮ್ಮನಾಗುತ್ತೆ. ಸ್ಲ್ಯಾಶ್ ಹತ್ತಿರ ನಿಲ್ಲೋ ಶೆಲ್ ಆಗಿದ್ದರೆ ಸಾಲಿನಲ್ಲಿ ~/ಲೆಕ್ಕ/2024-ಜೂನ್/ ಉಳಿದಿರುತ್ತೆ. ಅದು ಅರ್ಧಂಬರ್ಧ ಸಾಲಲ್ಲ ಕಣಮ್ಮಾ, ಪೂರ್ತಿ ಸರಿಯಾದ ಕಮಾಂಡ್. ಅದೂ ಮೊದಲಿನದಕ್ಕಿಂತ ದೊಡ್ಡದು. ಜೂನ್ ತಿಂಗಳಿಡೀ ಹೋಗುತ್ತೆ. ದಾರಿಯ ಬಾಲ ಕತ್ತರಿಸಿದಷ್ಟೂ ಅದು ತೋರಿಸೋ ಜಾಗ ಹಿಗ್ಗುತ್ತೆ ಅನ್ನೋದನ್ನು, ಸ್ಲ್ಯಾಶ್ ತೆಗಿ ಅನ್ನೋರು ಯಾರೂ ಹೇಳಲ್ಲ.

ಹಾಗಂತ ಹಂತ ಹಂತವಾಗಿ ಅಳಿಸೋ ಸುಖ ಬಿಡಬೇಕಾಗಿಲ್ಲ. ಜೆಡ್‌ಶೆಲ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಮತ್ತು ಆಲ್ಟ್-ಬ್ಯಾಕ್‌ಸ್ಪೇಸ್ ಎರಡೂ ಒಂದೇ ಕೆಲಸ ಮಾಡುತ್ತವೆ, ಎರಡಕ್ಕೂ ಬ್ಯಾಕ್‌ವರ್ಡ್-ಕಿಲ್-ವರ್ಡ್ ಅನ್ನೋದನ್ನೇ ಕಟ್ಟಿದ್ದಾರೆ. ಒಂದು ಕೀಲಿ ದಂಡಕ್ಕಿದೆ ಅಂತಾಯಿತು. ಅದನ್ನು ಬಳಸಿಕೋ. ‘ಇದೆಲ್ಲ ಬೇಡ’ ಅನ್ನೋಕೆ ಕಂಟ್ರೋಲ್-ಡಬ್ಲ್ಯೂ ಮೊದಲಿದ್ದ ಹಾಗೇ ಇರಲಿ. ‘ಒಂದು ಹಂತ ಹಿಂದಕ್ಕೆ’ ಅನ್ನೋಕೆ ಆಲ್ಟ್-ಬ್ಯಾಕ್‌ಸ್ಪೇಸ್ ಇರಲಿ. ಕೈ ಯಾವುದನ್ನು ಒತ್ತುತ್ತೋ ಮನಸ್ಸಿಗೂ ಅದು ಗೊತ್ತಿರುತ್ತೆ.

ಮಾಡೋದು ಹೇಗೆ ಅಂದರೆ, ಒಂದು ಪುಟ್ಟ ಫಂಕ್ಷನ್ ಬರಿ. ಅದರೊಳಗೆ ವರ್ಡ್‌ಚಾರ್ಸ್ ಅನ್ನು ಲೋಕಲ್ ಅಂತ ಘೋಷಿಸಿ ಸ್ಲ್ಯಾಶ್ ಇಲ್ಲದ ಪಟ್ಟಿ ಕೊಡು, ಆಗ ಆ ಬದಲಾವಣೆ ಫಂಕ್ಷನ್ ಮುಗಿಯೋವರೆಗೆ ಮಾತ್ರ. ಮುಂದಿನ ಸಾಲಿನಲ್ಲಿ ಜೆಡ್‌ಎಲ್‌ಇ ಅನ್ನೋ ಕಮಾಂಡ್ ಮೂಲಕ ಬ್ಯಾಕ್‌ವರ್ಡ್-ಕಿಲ್-ವರ್ಡ್ ಕರಿ, ಹೆಸರಿನ ಮುಂದೆ ಒಂದು ಡಾಟ್ ಇಟ್ಟು. ಡಾಟ್ ಇಟ್ಟರೆ ಶೆಲ್ಲಿನ ಮೂಲದ್ದೇ ಬರುತ್ತೆ, ಮಧ್ಯದಲ್ಲಿ ಯಾವ ಪ್ಲಗಿನ್ ಏನು ಬದಲಿಸಿದ್ದರೂ ನಿನಗೆ ತಟ್ಟಲ್ಲ. ಕೊನೆಯ ಸಾಲು ಹೆಚ್ಚಿನವರು ಬಿಡುವಂಥದ್ದು: ಜೆಡ್‌ಎಲ್‌ಇ, -ಎಫ್, ಕಿಲ್. ಜೆಡ್‌ಶೆಲ್‌ನಲ್ಲಿ ಸಾಲಾಗಿ ಅಳಿಸಿದ ಪದಗಳು ಒಟ್ಟಿಗೆ ಜೋಡಣೆಯಾಗಿ, ಕಂಟ್ರೋಲ್-ವೈ ಒತ್ತಿದರೆ ಒಟ್ಟಿಗೇ ವಾಪಸ್ ಬರುತ್ತವೆ. ನಿನ್ನ ಸ್ವಂತ ಫಂಕ್ಷನ್ ಮೂಲಕ ಅಳಿಸಿದಾಗ ಈ ಸಾಲು ಇಲ್ಲದಿದ್ದರೆ ಕೊನೆಯ ತುಂಡು ಮಾತ್ರ ವಾಪಸ್ ಬರುತ್ತೆ. ಇಷ್ಟಾದ ಮೇಲೆ ಜೆಡ್‌ಎಲ್‌ಇ -ಎನ್ ಅಂತ ಫಂಕ್ಷನ್ನಿನ ಹೆಸರು ನೋಂದಾಯಿಸಿ, ಬೈಂಡ್‌ಕೀ ಬಳಸಿ ^[^? ಗೆ ಕಟ್ಟು. ಆ ವಿಚಿತ್ರ ಚಿಹ್ನೆಗಳೇ ಆಲ್ಟ್-ಬ್ಯಾಕ್‌ಸ್ಪೇಸ್.

ಬ್ಯಾಶ್‌ನಲ್ಲಿ ಇಷ್ಟು ರಗಳೆ ಇಲ್ಲ. ಸ್ಲ್ಯಾಶ್ ಮತ್ತು ಖಾಲಿ ಜಾಗ ನೋಡಿ ಅಳಿಸೋ ಯೂನಿಕ್ಸ್-ಫೈಲ್‌ನೇಮ್-ರಬೌಟ್ ಅನ್ನೋದು ಅದರ ರೀಡ್‌ಲೈನ್ ಲೈಬ್ರರಿಯಲ್ಲಿ ಮೊದಲೇ ಇದೆ, ಯಾವ ಕೀಲಿಗೂ ಕಟ್ಟದೆ ಹಾಗೇ ಬಿಟ್ಟಿದ್ದಾರೆ. ಡಾಟ್-ಇನ್‌ಪುಟ್‌ಆರ್‌ಸಿ ಫೈಲಿನಲ್ಲಿ ಆಲ್ಟ್-ಬ್ಯಾಕ್‌ಸ್ಪೇಸ್‌ಗೆ ಅದನ್ನು ಕಟ್ಟಿದರೆ ಎರಡೂ ಶೆಲ್‌ಗಳಲ್ಲಿ ನಿನ್ನ ಕೈ ಒಂದೇ ಅಭ್ಯಾಸಕ್ಕೆ ಬರುತ್ತೆ. ಕಂಟ್ರೋಲ್-ಡಬ್ಲ್ಯೂಗೇ ಕಟ್ಟುತ್ತೀನಿ ಅಂತ ಹಠ ಮಾಡಿದರೆ ಅದು ಕೇಳಲ್ಲ. ಆ ಕೀಲಿ ಟರ್ಮಿನಲ್ ಡ್ರೈವರ್‌ನ ಪಟ್ಟಿಯಲ್ಲಿರೋದರಿಂದ ರೀಡ್‌ಲೈನ್ ಪ್ರತಿ ಸಲ ಅದನ್ನು ಹಳೇ ಕೆಲಸಕ್ಕೇ ಮರಳಿ ಕಟ್ಟುತ್ತೆ. ಬೈಂಡ್-ಟಿಟಿವೈ-ಸ್ಪೆಷಲ್-ಚಾರ್ಸ್ ಅನ್ನೋ ಆಯ್ಕೆಯನ್ನು ಆಫ್ ಮಾಡಿದರೆ ಮಾತ್ರ ಬಿಡುತ್ತೆ. ಇನ್ನೊಂದು ಮಾತು: ಇನ್‌ಪುಟ್‌ಆರ್‌ಸಿಯಲ್ಲಿ ಬರೆದದ್ದು ಬ್ಯಾಶ್‌ಗಷ್ಟೇ ಅಲ್ಲ, ಜಿಡಿಬಿಯ ಹಾಗೆ ರೀಡ್‌ಲೈನ್ ಬಳಸೋ ಬೇರೆ ಪ್ರೋಗ್ರಾಂಗಳಿಗೂ ತಗಲುತ್ತೆ. ಇಲ್ಲಿ ಅದು ಒಳ್ಳೇದೇ.

ಫಿಶ್ ಬಳಸೋ ನಿನ್ನ ಸ್ನೇಹಿತೆ ನಗಬಹುದು. ಅವಳ ಶೆಲ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಏನೂ ಮುಟ್ಟದಿದ್ದರೂ ದಾರಿಯ ಒಂದು ಹಂತವನ್ನಷ್ಟೇ ಅಳಿಸುತ್ತೆ. ನಗಲಿ ಬಿಡು.

ಎಲ್ಲ ಸರಿಯಾಗಿ ಬರೆದೂ ಏನೂ ಬದಲಾಗಲಿಲ್ಲ ಅಂದರೆ ಬೈಂಡ್‌ಕೀ ಅಂತ ಬರೆದು ಮುಂದೆ ಕೋಟ್‌ನೊಳಗೆ ಆ ಕೀಲಿಯನ್ನು ಹಾಕಿ ಕೇಳು, ಅದಕ್ಕೆ ಏನು ಕಟ್ಟಿದೆ ಅಂತ ಶೆಲ್ಲೇ ಹೇಳುತ್ತೆ. ಕಂಟ್ರೋಲ್-ಡಬ್ಲ್ಯೂಗೆ ವಿಐ-ಬ್ಯಾಕ್‌ವರ್ಡ್-ಕಿಲ್-ವರ್ಡ್ ಅಂತ ಬಂದರೆ ನೀನು ವಿಐ ಮೋಡ್‌ನಲ್ಲಿದ್ದೀಯ. ಅಲ್ಲಿ ವರ್ಡ್‌ಚಾರ್ಸ್ ಮಾತಿಗೆ ಬೆಲೆಯಿಲ್ಲ. ನಾನು ವಿಐ ಮೋಡ್ ಹಾಕೇ ಇಲ್ಲವಲ್ಲ ಅನ್ನುತ್ತೀಯ. ಎಡಿಟರ್ ಅಥವಾ ವಿಷುಯಲ್ ಅನ್ನೋ ವೇರಿಯಬಲ್‌ನ ಬೆಲೆಯಲ್ಲಿ ವಿಐ ಅನ್ನೋ ಎರಡಕ್ಷರ ಎಲ್ಲೇ ಇದ್ದರೂ (ವಿಮ್‌ನಲ್ಲೂ ಇದೆ, ನಿಯೋವಿಮ್‌ನ ಕಮಾಂಡಿನಲ್ಲೂ ಇದೆ) ಜೆಡ್‌ಶೆಲ್ ಶುರುವಾಗುವಾಗ ತಾನಾಗಿಯೇ ಆ ಮೋಡ್‌ಗೆ ಹೋಗುತ್ತೆ. ಗಿಟ್ ಕಮಿಟ್ ಬರೆಯೋಕೆ ವಿಮ್ ಬೇಕು ಅಂತ ಎಡಿಟರ್ ಬದಲಿಸಿದ್ದಕ್ಕೆ ಕೀಲಿಗಳ ನಡವಳಿಕೆಯೇ ಬದಲಾಗಿರುತ್ತೆ. ಬೈಂಡ್‌ಕೀ -ಇ ಅಂತ ಒಂದು ಸಾಲು ಮೇಲೆ ಹಾಕಿದರೆ ಈಮ್ಯಾಕ್ಸ್ ಮೋಡ್‌ಗೆ ವಾಪಸ್ ಬರುತ್ತೀಯ.

ಇನ್ನೊಬ್ಬರ ಸೆಟ್ಟಿಂಗ್ ಪೂರ್ತಿ ತಂದು ಹಾಕಿಕೊಳ್ಳೋ ವಿಷಯ. ರಾಬಿ ರಸೆಲ್ 2009ರಲ್ಲಿ ಶುರು ಮಾಡಿದ ಓ-ಮೈ-ಜೆಡ್‌ಶೆಲ್ ನಿಮ್ಮ ವಯಸ್ಸಿನ ಅರ್ಧ ಜನರ ಹತ್ತಿರ ಇದೆ. ಅದು ವರ್ಡ್‌ಚಾರ್ಸ್ ಪಟ್ಟಿಯನ್ನು ಪೂರ್ತಿ ಖಾಲಿ ಮಾಡುತ್ತೆ. ಅಂದರೆ ಹೈಫನ್ ಕೂಡ ಪದದ ಹೊರಗೆ. ಎಲ್‌ಎಸ್ -ಎಲ್‌ಎ ಅಂತ ಬರೆದು ಕಂಟ್ರೋಲ್-ಡಬ್ಲ್ಯೂ ಒತ್ತು: ಎಲ್‌ಎ ಹೋಗಿ ಎಲ್‌ಎಸ್ - ಉಳಿಯುತ್ತೆ. ಆ ಒಂಟಿ ಹೈಫನ್ ತೆಗೆಯೋಣ ಅಂತ ಇನ್ನೊಮ್ಮೆ ಒತ್ತಿದರೆ, ಹೈಫನ್ ಮತ್ತು ಖಾಲಿ ಜಾಗ ಎರಡನ್ನೂ ದಾಟಿಕೊಂಡು ಹೋಗಿ ಎಲ್‌ಎಸ್ ಅನ್ನೂ ನುಂಗುತ್ತೆ. ಒಂದು ಸಲಕ್ಕೆ ಕಡಿಮೆ, ಇನ್ನೊಂದು ಸಲಕ್ಕೆ ಹೆಚ್ಚು. ಬೇರೆಯವರ ಅಳತೆಗೆ ಹೊಲಿಸಿದ ಬ್ಲೌಸಿನ ಹಾಗೆ, ಎಲ್ಲೋ ಬಿಗಿ ಎಲ್ಲೋ ಸಡಿಲ. ಅದನ್ನು ಬಿಡು ಅಂತಿಲ್ಲ, ಬೇಕಾದಷ್ಟು ಒಳ್ಳೆಯದೂ ಅದರಲ್ಲಿದೆ. ನಿನ್ನ ವರ್ಡ್‌ಚಾರ್ಸ್ ಸಾಲನ್ನು ಅದನ್ನು ಕರೆಯೋ ಸಾಲಿನ ಕೆಳಗೆ ಬರಿ ಅಷ್ಟೇ. ಮೇಲೆ ಬರೆದರೆ ಅಳಿಸಿಹೋಗುತ್ತೆ.

ಯಾವ ಚಿಹ್ನೆ ಒಳಗಿರಬೇಕು, ಯಾವುದು ಹೊರಗೆ ಅನ್ನೋದು ನಿನ್ನ ಕೈ ದಿನವಿಡೀ ಏನು ಬರೆಯುತ್ತೆ ಅನ್ನೋದರ ಮೇಲೆ ಹೋಗುತ್ತೆ. ನೆಟ್‌ವರ್ಕ್ ಕೆಲಸದವರು 10.0.0.12 ಬದಲಿಗೆ 10.0.0.15 ಅಂತ ದಿನಕ್ಕೆ ಹತ್ತಾರು ಸಲ ತಿದ್ದುತ್ತಾರೆ, ಅವರಿಗೆ ಡಾಟ್ ಹೊರಗಿದ್ದರೆ ಲಾಭ. ಆಯ್ಕೆಗಳ ಮುಂದೆ = ಹಾಕಿ ಬೆಲೆ ಕೊಡೋ ಅಭ್ಯಾಸ ಇದ್ದರೆ = ಹೊರಗಿಡು, --ಕಲರ್=ಆಟೊ ಅನ್ನೋದರಲ್ಲಿ ಆಟೊ ಮಾತ್ರ ಹೋಗುತ್ತೆ. ಹೈಫನ್ ಮಾತ್ರ ಒಳಗೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ಗಿಟ್‌ನ ಬ್ರಾಂಚ್ ಹೆಸರು, ಪ್ಯಾಕೇಜ್ ಹೆಸರು, ನಿಮ್ಮ ಕುಬರ್ನೆಟಿಸ್ ಪಾಡ್‌ಗಳ ಉದ್ದುದ್ದ ಹೆಸರು ಎಲ್ಲವೂ ಹೈಫನ್ ಹಾಕಿ ಪೋಣಿಸಿದವು. ಅವನ್ನು ತುಂಡು ತುಂಡಾಗಿ ಅಳಿಸಿ ಯಾರಿಗೇನು ಉಪಯೋಗ?

ಖಾಲಿ ಜಾಗ ಇರೋ ಫೈಲ್ ಹೆಸರುಗಳದ್ದು ಬೇರೆ ಸಂಕಟ. ವಾಟ್ಸ್ಆ್ಯಪ್‌ನಿಂದ ಇಳಿಸಿದ ಚಿತ್ರ, ಮ್ಯಾಕ್‌ನ ಸ್ಕ್ರೀನ್‌ಶಾಟ್, ಎಲ್ಲದರ ಹೆಸರಿನಲ್ಲೂ ಮೂರು ನಾಲ್ಕು ಖಾಲಿ ಜಾಗ. ಅದಕ್ಕೆ ಕೋಟ್ ಹಾಕಿ ಬರೆದಿದ್ದರೂ ಕಂಟ್ರೋಲ್-ಡಬ್ಲ್ಯೂ ಕೋಟ್‌ನ ಒಳಗೇ ನಿಂತುಬಿಡುತ್ತೆ. ಇಂಥದ್ದಕ್ಕೆ ಜೆಡ್‌ಶೆಲ್ ಜೊತೆಗೇ ಬರೋ ಸೆಲೆಕ್ಟ್-ವರ್ಡ್-ಸ್ಟೈಲ್ ಇದೆ. ಆಟೊಲೋಡ್ ಮಾಡಿ ಅದನ್ನು ಕರೆದು ಮುಂದೆ ಶೆಲ್ ಅಂತ ಬರೆದರೆ, ಕೋಟ್‌ನೊಳಗಿನದೆಲ್ಲ ಸೇರಿ ಒಂದು ಪದ ಅಂತ ಎಣಿಸುತ್ತೆ. ಬ್ಯಾಶ್ ಅಂತ ಬರೆದರೆ ಅಕ್ಷರ-ಅಂಕಿ ಮಾತ್ರ, ವೈಟ್‌ಸ್ಪೇಸ್ ಅಂತ ಬರೆದರೆ ಖಾಲಿ ಜಾಗ ಮಾತ್ರ ಲೆಕ್ಕಕ್ಕೆ. ನನ್ನ ಮಾತು ಕೇಳೋದಾದರೆ ಶೆಲ್ ಅನ್ನೋದನ್ನು ಇಟ್ಟುಕೋ. ಆಗ ಕಂಟ್ರೋಲ್-ಡಬ್ಲ್ಯೂ ನಿಜವಾಗಿಯೂ ‘ಇದೆಲ್ಲ ಬೇಡ’ ಆಗುತ್ತೆ. ನೀನು ಬರೆದ ಫಂಕ್ಷನ್‌ನಲ್ಲಿ ಡಾಟ್ ಇಟ್ಟಿರೋದರಿಂದ ಆಲ್ಟ್-ಬ್ಯಾಕ್‌ಸ್ಪೇಸ್ ತನ್ನ ಪಾಡಿಗೆ ಒಂದೊಂದೇ ಹಂತ ಹೋಗುತ್ತೆ. ಮೇಲೆ ಹೇಳಿದ ಕೋಲನ್ ಹತ್ತಿರ ನಿಲ್ಲೋ ಅದೃಷ್ಟ ಮಾತ್ರ ಆಗ ಕಂಟ್ರೋಲ್-ಡಬ್ಲ್ಯೂನಿಂದ ಕೈ ತಪ್ಪುತ್ತೆ, ಅದಕ್ಕೂ ಆಲ್ಟ್-ಬ್ಯಾಕ್‌ಸ್ಪೇಸ್ ಬಳಸಬೇಕು.

ಕನ್ನಡದಲ್ಲಿ ಫೈಲ್ ಹೆಸರು ಇಡೋ ಹುಚ್ಚು ನಿನಗಿದೆ ಅಂತ ಗೊತ್ತು. ಹೆದರಬೇಡ, ಸ್ವಂತ ಅಗಲವಿಲ್ಲದ ಕೂಡುಚಿಹ್ನೆಗಳನ್ನು ಜೆಡ್‌ಶೆಲ್ ಪದದ ಭಾಗವಾಗಿಯೇ ಎಣಿಸುತ್ತೆ.

ಈ ಪಟ್ಟಿ ಅಳಿಸೋದಕ್ಕೆ ಮಾತ್ರ ಅಲ್ಲ ಅನ್ನೋದೂ ನೆನಪಿರಲಿ. ಆಲ್ಟ್-ಬಿ, ಆಲ್ಟ್-ಎಫ್ ಒತ್ತಿ ಪದದಿಂದ ಪದಕ್ಕೆ ಹೋಗುವಾಗಲೂ ಇದೇ ಗಡಿ. ಬ್ಯಾಶ್‌ನಲ್ಲಿ ಆಲ್ಟ್-ಎಫ್ ಪದದ ಕೊನೆಗೆ ಹೋಗಿ ನಿಂತರೆ ಜೆಡ್‌ಶೆಲ್‌ನಲ್ಲಿ ಮುಂದಿನ ಪದದ ಶುರುವಿಗೆ ಹೋಗುತ್ತೆ. ಹಳೇ ಅಭ್ಯಾಸವೇ ಬೇಕಿದ್ದರೆ ಈಮ್ಯಾಕ್ಸ್-ಫಾರ್ವರ್ಡ್-ವರ್ಡ್ ಕಟ್ಟಿಕೋ. ಮಸುಕು ಬಣ್ಣದಲ್ಲಿ ಹಳೇ ಕಮಾಂಡ್ ತೋರಿಸೋ ಆಟೊಸಜೆಶನ್ಸ್ ಪ್ಲಗಿನ್ ಹಾಕಿದ್ದೀಯಲ್ಲ, ಅದರ ಸಲಹೆಯನ್ನು ಒಂದೊಂದೇ ಪದ ಒಪ್ಪಿಕೊಳ್ಳುವಾಗಲೂ ಇದೇ ಲೆಕ್ಕ.

ಇದೆಲ್ಲ ನಿನ್ನ ಲ್ಯಾಪ್‌ಟಾಪಿನ ಮಾತಾಯಿತು. ಎಸ್‌ಎಸ್‌ಎಚ್ ಮಾಡಿ ಹೋಗೋ ಸರ್ವರ್‌ನಲ್ಲಿ ಇದ್ಯಾವುದೂ ಇರಲ್ಲ. ಅಲ್ಲಿ ಹೆಚ್ಚಾಗಿ ಬರೀ ಬ್ಯಾಶ್, ಅದೂ ಬಂದ ಹಾಗೇ. ಕಂಟ್ರೋಲ್-ಡಬ್ಲ್ಯೂ ಅಲ್ಲೂ ಇಡೀ ದಾರಿ ತೆಗೆಯುತ್ತೆ, ಆಲ್ಟ್-ಬ್ಯಾಕ್‌ಸ್ಪೇಸ್ ಅಲ್ಲೂ ಚೂರು ಚೂರೇ ತೆಗೆಯುತ್ತೆ. ನಿನ್ನ ಯಂತ್ರದಲ್ಲಿ ಕೆಲಸವನ್ನು ಹೀಗೇ ಹಂಚು ಅಂತ ನಾನು ಒತ್ತಿ ಹೇಳಿದ್ದು ಇದಕ್ಕೂ ಹೌದು. ಆದರೆ ಎಲ್ಲರೂ ಬಳಸೋ ರೂಟ್ ಅಕೌಂಟಿನಲ್ಲಿ ನಿನ್ನ ಇನ್‌ಪುಟ್‌ಆರ್‌ಸಿ ತಂದು ಇಡಬೇಡ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ಬರೋ ಇನ್ನೊಬ್ಬನ ಬೆರಳಿಗೆ ಅದರ ಪರಿಚಯ ಇರಲ್ಲ.

ಬ್ರೌಸರ್‌ನೊಳಗೆ ತೆರೆಯೋ ಟರ್ಮಿನಲ್‌ನಲ್ಲಿ ಇನ್ನೂ ಎಚ್ಚರ ಬೇಕು, ಅಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗಬಹುದು. ಎಸ್ಕೇಪ್ ಒತ್ತಿ ಬಿಟ್ಟು ಆಮೇಲೆ ಬ್ಯಾಕ್‌ಸ್ಪೇಸ್ ಒತ್ತು, ಆಲ್ಟ್-ಬ್ಯಾಕ್‌ಸ್ಪೇಸ್‌ನ ಕೆಲಸ ಅದರಿಂದಲೂ ಆಗುತ್ತೆ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಆಲ್ಟ್ ಜಾಗದಲ್ಲಿರೋ ಆಪ್ಷನ್ ಕೀಲಿಯನ್ನು ಮೆಟಾ ಕೀಲಿಯಾಗಿ ಬಳಸು ಅನ್ನೋ ಆಯ್ಕೆ ಪ್ರೊಫೈಲ್‌ನ ಕೀಬೋರ್ಡ್ ಭಾಗದಲ್ಲಿದೆ. ಅದಕ್ಕೆ ಮೊದಲು ಟಿಕ್ ಹಾಕು, ಇಲ್ಲದಿದ್ದರೆ ನೀನು ಬರೆದ ಫಂಕ್ಷನ್‌ಗೆ ಆ ಕೀಲಿ ತಲುಪೋದೇ ಇಲ್ಲ.